ಪೆನ್ಸಿಲ್ಲಿನಲ್ಲಿ ಬರೆದ ಹದಿನಾರು ವಾರ

"ಒಂದನೇತ್ತಾ ಹುಡುಗರು ಪೆನ್ಸಿಲ್‌ಲೆ ಬರೀತಾರ್ರಿ. ಡಿಗ್ರಿ ಕಾಲೇಜಿನ್ಯಾಗ ಪೆನ್ಸಿಲ್ ಹಿಡಿಯೋ ಮಾಸ್ತರನ್ನ ನಾ ಇವತ್ತ ನೋಡಿದ್ದು!"

ಇಂಗ್ಲಿಷ್ ವಿಭಾಗದ ಮುಖ್ಯಸ್ಥ ಪ್ರೊ. ರುದ್ರೇಶ ಒಂದು ಅಗಲವಾದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಸ್ಟಾಫ್ ರೂಮಿನಲ್ಲಿ ಒಂಬತ್ತು ಮಂದಿ ಉಪನ್ಯಾಸಕರಿದ್ದಾರೆ, ಚಹಾ ತಂದವನು ಇದ್ದಾನೆ, ಬಾಗಿಲಲ್ಲಿ ಸಹಿಗಾಗಿ ಬಂದ ಮೂವರು ಹುಡುಗಿಯರೂ ಇದ್ದಾರೆ. ಹಾಳೆಯ ಎಡಗಡೆ ರೋಲ್ ನಂಬರ್ ಇರಬೇಕಾದಲ್ಲಿ ಬಸ್ಸುಗಳ ಹೆಸರುಗಳಿವೆ. "ಇದು ಪಾಠದ ಪ್ಲಾನೋ, ಡಿಪೋ ಮ್ಯಾನೇಜರನ ಡ್ಯೂಟಿ ಲಿಸ್ಟೋ? ಹದಿನಾಲ್ಕು ವರ್ಷ ಆದ್ರೂ ನೀವು ಗೆಸ್ಟ್ ಆಗೇ ಯಾಕ ಉಳಿದ್ರಿ ಅನ್ನೂದು ಇವತ್ತ ತಿಳೀತು ನೋಡ್ರಿ."

ಎಲ್ಲರೂ ನಗುತ್ತಾರೆ. ಆ ಹಾಳೆಯಲ್ಲಿ ಏನು ಬರೆದಿದೆ ಎಂದು ಓದಿ ನೋಡಬೇಕು ಅಂತ ನಕ್ಕವರಲ್ಲಿ ಒಬ್ಬರಿಗೂ ಅನ್ನಿಸುವುದಿಲ್ಲ. ಓದುವುದನ್ನು ಕಲಿಸುವ ಜಾಗವಂತೆ ಇದು!

ಹಾಳೆಯ ಒಡೆಯ ಶಂಭುಲಿಂಗ ಅದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕುತ್ತಾರೆ. ಬದಲಿಗೆ ಅವರ ಕೈಗೆ ಮುದ್ರಿತ ಯೋಜನೆಯೊಂದು ಬರುತ್ತದೆ. ಎಲ್ಲ ಸೆಕ್ಷನ್ನಿಗೂ ಅದೊಂದೇ. ಯಾವ ವಾರ ಯಾವ ಪಾಠ, ಯಾವ ವಾರ ಅಸೈನ್‌ಮೆಂಟ್ ಎನ್ನುವುದೆಲ್ಲ ಅದರಲ್ಲಿ ಅಚ್ಚಾಗಿದೆ. ಶನಿವಾರದೊಳಗೆ ಸಹಿ ಮಾಡಿ ಕೊಡಬೇಕು. ಮಾಡದಿದ್ದರೆ ಮುಂದಿನ ಸೆಮಿಸ್ಟರಿಗೆ ಶಿಫಾರಸು ಇಲ್ಲ. ಶಿಫಾರಸು ಇಲ್ಲದ ಅತಿಥಿ ಉಪನ್ಯಾಸಕ ಅಂದರೆ ಕೆಲಸವಿಲ್ಲದ ಮನುಷ್ಯ ಎಂದೇ ಅರ್ಥ.

ಹಾನಗಲ್ ತಾಲೂಕಿನ ಈ ಕಾಲೇಜಿನ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಪೆಟ್ಟು ಬೀಳುವುದು ಕಾಲೇಜಿಗಲ್ಲ.

ಮರುದಿನ ಬೆಳಗಿನ ಐದು ಗಂಟೆ. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ ಶಂಭುಲಿಂಗ ಅಡುಗೆಮನೆಯ ಕಟ್ಟೆಯ ಮೇಲೆ ಅದೇ ಹಾಳೆಯನ್ನು ಹರವಿಕೊಂಡು ಕೂತಿದ್ದಾರೆ. ಕಿವಿಯ ಮೇಲೆ ಪೆನ್ಸಿಲ್ಲು, ಎಡಗೈಯಲ್ಲಿ ರಬ್ಬರು. ಪಕ್ಕದಲ್ಲೇ ಹೆಂಡತಿ ಶೀಲಾ ರೊಟ್ಟಿ ಬಡಿಯುತ್ತಿದ್ದಾರೆ. ಜೋಳದ ಹಿಟ್ಟು ಹಾರಿ ಏಳನೇ ವಾರದ ಮೇಲೆ ಬೀಳುತ್ತದೆ. ಇವರು ಊದಿ ತೆಗೆಯುತ್ತಾರೆ.

"ಮದುವಿ ಆದಾಗಿಂದ ನೋಡಾಕತ್ತೇನ್ರಿ," ಶೀಲಾ ಹೇಳುತ್ತಾರೆ. "ನನ್ನ ವಾರ ಹೆಂಗ ಹೋತು ಅಂತ ಒಂದಿನಾ ಕೇಳಿಲ್ಲ ಈ ಮನಶ್ಯಾ. ಯಾರೋ ಅಕ್ಕಿಆಲೂರು ಹುಡುಗೀದು ಮಂಗಳವಾರ ಹೆಂಗ ಅಂತ ಬಾಯಿಪಾಠ ಬರ್ತೈತಿ."

"ನಿನಗ ಇಂಟರ್ನಲ್ ಮಾರ್ಕ್ಸ್ ಇಲ್ಲಲ್ಲ," ಅನ್ನುತ್ತಾರೆ ಶಂಭುಲಿಂಗ. ರೊಟ್ಟಿಯೊಂದು ಜೋರಾಗಿಯೇ ಹಂಚಿಗೆ ಬೀಳುತ್ತದೆ.

ಶಂಭುಲಿಂಗರ ವಯಸ್ಸು ನಲವತ್ಮೂರು. ತಂದೆ ಹನುಮಂತಪ್ಪ ಹೊಲ ಮಾಡಿಕೊಂಡಿದ್ದವರು, ಹೆಬ್ಬೆಟ್ಟು. ಮನೆತನದಲ್ಲಿ ಇಂಗ್ಲಿಷ್ ಓದಿದ ಮೊದಲಿಗರು ಇವರು, ಎಂ.ಎ. ಮುಗಿಸಿದ್ದು ಧಾರವಾಡದಲ್ಲಿ. ವಾರದಲ್ಲಿ ನಾಲ್ಕು ದಿನ ಈ ಕಾಲೇಜು, ಎರಡು ದಿನ ಸವಣೂರಿನಲ್ಲಿ ಇನ್ನೊಂದು. ಎರಡೂ ಕಡೆ ಸೇರಿ ನೂರಾ ಇಪ್ಪತ್ತಾರು ವಿದ್ಯಾರ್ಥಿಗಳು. ದಿನಕ್ಕೆ ಕಡಿಮೆಯೆಂದರೆ ನಾಲ್ಕು ಬಸ್ಸು ಹತ್ತುತ್ತಾರೆ. ಸೆಮಿಸ್ಟರಿಗೆ ಹದಿನಾರು ವಾರ, ಹದಿನಾರು ವಾರಕ್ಕೆ ಒಂದು ಹಾಳೆ. ಹದಿನಾಲ್ಕು ವರ್ಷದ ಹಾಳೆಗಳು ಮನೆಯ ಟ್ರಂಕಿನಲ್ಲಿವೆ. ಅವುಗಳಲ್ಲಿ ಮೊದಲ ಏಳು ವರ್ಷದವು ಪೆನ್ನಿನಲ್ಲಿ ಬರೆದವು.

"ಅವೆಲ್ಲ ಸುಳ್ಳ ಹಾಳಿ," ಅನ್ನುತ್ತಾರೆ. "ಚೆಂದಾಗಿ ಕಾಣ್ತಾವ, ಅಷ್ಟ."

ಆರನೇ ವರ್ಷ ಒಂದು ಘಟನೆ ನಡೆಯುತ್ತದೆ. ಆ ವರ್ಷ ಅರವತ್ತೆರಡು ಮಂದಿಯ ಕ್ಲಾಸಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಐವತ್ತೆಂಟು ಮಂದಿ ಪೇಟೆಯ ಗೈಡ್ ನೋಡಿ ಒಂದಕ್ಷರ ಬಿಡದೆ ಇಳಿಸಿದ್ದಾರೆ. ಅವರಲ್ಲಿ ಹತ್ತೊಂಬತ್ತು ಮಂದಿಯ ಉತ್ತರದ ಕೊನೆಯಲ್ಲಿ ಗೈಡಿನಲ್ಲಿದ್ದ ಇನ್ನೊಂದು ಸಾಲೂ ಬಂದಿದೆ: ಮುಂದಿನ ಉತ್ತರಕ್ಕೆ ಪುಟ ನಲವತ್ಮೂರು ನೋಡಿ.

"ಮೊದಲ ನಕ್ಕೆ. ಆಮ್ಯಾಲ ಸಿಟ್ಟು ಬಂತು. ಬಡೀಬೇಕು ಅನ್ನೂ ಅಷ್ಟು. ಒಬ್ಬಾಕಿನ್ನ ನಿಂದ್ರಿಸಿ ಕೇಳಿದೆ, ಏನವಾ ಇದು, ಓದೂದಿಲ್ಲೇನು ಅಂತ. ಆಕಿ ಅಂದ್ಲು, 'ಯಾವಾಗ ಓದ್ಲಿರಿ ಸರ?' ಎದುರುತ್ತರ ಕೊಟ್ಟಿದ್ದಲ್ರಿ ಆಕಿ. ಖರೇವ ಕೇಳಿದ್ಲು."

ಆ ದಿನದಿಂದ ಅವರ ಕ್ಲಾಸಿನ ಮೊದಲ ಅಸೈನ್‌ಮೆಂಟ್ ಇಂಗ್ಲಿಷಿನದಲ್ಲ. ಪ್ರತಿಯೊಬ್ಬರೂ ತಮ್ಮ ಒಂದು ವಾರವನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಎಷ್ಟಕ್ಕೆ ಏಳುತ್ತೀರಿ, ನೀರು ಯಾರು ತರುತ್ತಾರೆ, ಯಾವ ಬಸ್ಸು, ಸೀಟು ಸಿಗುತ್ತದೋ ಇಲ್ಲವೋ, ಸಂತೆಯ ದಿನ ಅಂಗಡಿ ಯಾರು ನೋಡುತ್ತಾರೆ, ಕೂಲಿಗೆ ಯಾವ ತಿಂಗಳು ಹೋಗುತ್ತೀರಿ. ಅದನ್ನೆಲ್ಲ ಓದಿ ಮುಗಿಸಿದ ಮೇಲೆಯೇ ಪಠ್ಯಪುಸ್ತಕ ತೆರೆಯುತ್ತಾರೆ.

ಬಹಳ ಮಂದಿಗೆ ಕೈ ಖಾಲಿ ಇರುವುದು ಬಸ್ಸಿನಲ್ಲಿ ಮಾತ್ರ ಎನ್ನುವುದು ಹಾಗೆ ಗೊತ್ತಾಗಿದ್ದು. ಅದಕ್ಕೇ ಹಾಳೆಯ ಎಡಗಡೆ ಬಸ್ಸುಗಳು ಬಂದವು. ಪುಸ್ತಕ ವಿದ್ಯಾರ್ಥಿಗೆ ಸೇರಿದ್ದಲ್ಲ, ಬಸ್ಸಿಗೆ ಸೇರಿದ್ದು. ಒಂದು ಬಸ್ಸಿಗೆ ಒಂದು ಪುಸ್ತಕ. ಸೀಟು ಸಿಕ್ಕವರು ಗಟ್ಟಿಯಾಗಿ ಓದಬೇಕು, ನಿಂತವರು ಕೇಳಬೇಕು. ಯಲವಿಗಿಯಿಂದ ಸವಣೂರಿಗೆ ಬರುವವರಿಗೂ ಇದೇ ಲೆಕ್ಕ. ಹೊಸ ಪಾಠ ಹಂಚುವ ಮೊದಲು ಶಂಭುಲಿಂಗ ತಾವೇ ಆ ಬಸ್ಸು ಹತ್ತಿ, ಗಡಿಯಾರ ನೋಡಿಕೊಂಡು, ತಡವರಿಸುವವರು ಓದುವ ವೇಗದಲ್ಲಿ ಓದುತ್ತಾ ಬರುತ್ತಾರೆ. ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಎರಡು ಪುಟ, ಎಂಟು ಸಾಲು. ಮಳೆಗಾಲದಲ್ಲಿ ರಸ್ತೆ ಹಾಳಾದರೆ ಒಂದೂವರೆ ಪುಟ.

ಬುಧವಾರ ಬೆಳಗಿನ ಅಕ್ಕಿಆಲೂರು ಬಸ್ಸಿನಲ್ಲಿ ಓದುತ್ತಿರುವವಳು ಬಿ.ಎ. ಎರಡನೇ ವರ್ಷದ ನೀಲಾ. ಪುಸ್ತಕಕ್ಕೆ ಸಿಮೆಂಟ್ ಚೀಲದ ಕಾಗದದ ಹೊದಿಕೆಯಿದೆ. ಸುತ್ತ ಆರು ಹುಡುಗಿಯರು ಕಂಬಿ ಹಿಡಿದು ನಿಂತಿದ್ದಾರೆ. ಎದುರಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡ ಹೊಳೆವ್ವ ಕಾಯಿಪಲ್ಯೆ ಮಾರುವವರು, ದಿನಾ ಇದೇ ಬಸ್ಸಿಗೆ ಬರುತ್ತಾರೆ.

"ಏ ಯವ್ವಾ, ಆ ನಾಯಿ ಕಳಕೊಂಡಾಂವಗ ನಾಯಿ ಸಿಕ್ತೋ ಇಲ್ಲೋ?"

"ಇನ್ನಾ ಇಲ್ಲಬೇ. ಅದು ಸೋಮವಾರದ ಪಾಠ."

"ಬರೂ ಸೋಮವಾರ ನಾ ಬರೂದಿಲ್ಲಲ್ಲ! ಇವತ್ತ ಹೇಳಿಬಿಡ."

"ಪ್ಲಾನಿನ್ಯಾಗ ಇಲ್ಲಬೇ, ಸರ ಬೈತಾರ."

ಬಸ್ಸೆಲ್ಲ ನಗುತ್ತದೆ. ಹಾನಗಲ್ ಬಂದಾಗ ಕಂಡಕ್ಟರ್ ಉಸ್ಮಾನಸಾಬ ಬಾಗಿಲಲ್ಲಿ ಕೈ ಅಡ್ಡ ಹಿಡಿಯುತ್ತಾರೆ. "ಫ್ರೀ ಟಿಕೆಟ್ಟಿಗೆ ಆಧಾರ್ ತೋರಿಸಿದ್ದಾತು, ಈಗ ಪುಸ್ತಕ ಇಡ್ರಿ ಇಲ್ಲೆ. ಹೋದ ವರ್ಷ ಒಬ್ಬಾಕಿ ಮದುವಿ ಆಗಿ ಹಿರೇಕೆರೂರಿಗೆ ಹೋದ್ಲು, ಬಸ್ಸಿನ ಪುಸ್ತಕನೂ ಜೋಡೀಲೆ ಹೋತು!" ಪುಸ್ತಕ ಅವರ ಚೀಲ ಸೇರುತ್ತದೆ. ಸಂಜೆಯ ಪಾಳಿಯವರಿಗೆ ಮತ್ತೆ ಹೊರಬರುತ್ತದೆ.

ಬಸ್ಸು ಆಯಿತು, ಪೆನ್ಸಿಲ್ಲು ಯಾಕೆ? ಅದು ಶಂಭುಲಿಂಗ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಅದನ್ನು ಅವರು ಮುಚ್ಚಿಡುವುದಿಲ್ಲ. ಏಳನೇ ವರ್ಷ ಬಹಳ ಜಾಣತನ ಮಾಡಿ, ಭತ್ತದ ಕೊಯ್ಲಿಗೆಂದು ಒಂಬತ್ತನೇ ವಾರವನ್ನು ಖಾಲಿ ಬಿಟ್ಟರು. ಪೆನ್ನಿನಲ್ಲೇ ಗೆರೆ ಹೊಡೆದು, ಸಹಿ ಹಾಕಿ, ಗೋಡೆಗೆ ಅಂಟಿಸಿದರು. ಆ ಸಲ ಮಳೆ ತಡವಾಗಿತ್ತು, ನಾಟಿಯೂ ತಡವಾಗಿತ್ತು. ಒಂಬತ್ತನೇ ವಾರ ಗದ್ದೆಯಲ್ಲಿ ಭತ್ತ ಇನ್ನೂ ಹಸಿರು. ಓದಲು ಏನೂ ಇಲ್ಲದ ಕ್ಲಾಸಿನಲ್ಲಿ ಅಷ್ಟೂ ಮಂದಿ ಬಂದು ಸುಮ್ಮನೆ ಕೂತರು. ಹನ್ನೊಂದನೇ ವಾರಕ್ಕೆ ಎರಡು ಪಾಠ, ಒಂದು ಅಸೈನ್‌ಮೆಂಟ್ ಇಟ್ಟಿದ್ದರು. ಆ ವಾರ ಕೊಯ್ಲು ಬಂತು. ಕ್ಲಾಸಿಗೆ ಬಂದವರು ಏಳು ಜನ.

"ರೈತನ ಮಗಾ ನಾನು. ಕ್ಯಾಲೆಂಡರ್ ನೋಡಿ ಕೊಯ್ಲು ಗೊತ್ತು ಮಾಡಿದ್ದೆ! ನಮ್ಮಪ್ಪ ಇದ್ದಿದ್ರ ಉಗೀತಿದ್ದ."

ಈಗ ಅಕ್ಟೋಬರಿನ ಮೊದಲಿಗೆ ಒಂದೊಂದು ಊರಿನ ಒಬ್ಬೊಬ್ಬರು ಬಂದು ತಮ್ಮ ಕಡೆ ಭತ್ತ ಎಷ್ಟು ಬಲಿತಿದೆ ಎಂದು ಹೇಳುತ್ತಾರೆ. ಇವರು ರಬ್ಬರು ಹಿಡಿದು ವಾರಗಳನ್ನು ಆಚೀಚೆ ಸರಿಸುತ್ತಾರೆ. ಕೊಯ್ಲಿನ ವಾರ ಓದು ಇರುವುದಿಲ್ಲ. ಹತ್ತು ಸಾಲಿನ ಅಸೈನ್‌ಮೆಂಟ್ ಇರುತ್ತದೆ: ಇವತ್ತು ಸಂಜೆ ನಾಲ್ಕರಿಂದ ಆರರವರೆಗೆ ನಿಮ್ಮ ಅವ್ವ ಏನು ಮಾಡಿದಳು, ನಿಮಗೆ ಬಂದ ಇಂಗ್ಲಿಷಿನಲ್ಲಿ ಬರೆಯಿರಿ. ಹೋದ ವರ್ಷ ನೀಲಾ ಬರೆದದ್ದು ಎಂಟೇ ಸಾಲು. ಎಂಟು ಸಾಲಿನಲ್ಲಿ ಹನ್ನೊಂದು ತಪ್ಪು. ಆದರೆ ಎಂಟೂ ಸಾಲು ಅವಳವೇ. ಶಂಭುಲಿಂಗ ಕೆಂಪು ಪೆನ್ನು ಮುಟ್ಟಿಲ್ಲ. ಒಂದೇ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ ಹಾಕಿ, ಈ ವಾರ ಇದೊಂದನ್ನು ಸರಿ ಮಾಡು ಎಂದು ಬರೆದಿದ್ದಾರೆ. ಇದನ್ನು ಬರೆಯುತ್ತಿರುವ ನನಗೆ ಶಾಲೆಯಲ್ಲಿ ಹೀಗೆ ಯಾರಾದರೂ ಗೆರೆ ಹಾಕಿದ್ದರೆ, ಹತ್ತನೇ ತರಗತಿಯ ಇಂಗ್ಲಿಷ್ ಪೇಪರನ್ನು ಹರಿದು ಶಾಲೆ ಬಿಟ್ಟು ಬರುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಪ್ರೊ. ರುದ್ರೇಶ ಅವರ ಮಾತನ್ನೂ ಬರೆಯಬೇಕು. ಬರೆಯುವ ಮನಸ್ಸಿಲ್ಲ, ಆದರೆ ಮಾತಿನಲ್ಲಿ ತೂಕವಿದೆ. "ಪ್ರಶ್ನೆಪತ್ರಿಕೆ ತೆಗಿಯಾವಗ ನಿಮ್ಮ ಭತ್ತ ಗೊತ್ತಿರೂದಿಲ್ರಿ. ಹೋದ ಸಲ ಇವರ ಕ್ಲಾಸಿನ್ಯಾಗ ಕೊನೀ ಪದ್ಯ ಮುಗೀಲಿಲ್ಲ, ಪರೀಕ್ಷಾದಾಗ ಅದ ಬಂತು. ಮಾರ್ಕ್ಸ್ ಕಳಕೊಂಡವರು ಯಾರು? ಶಂಭುಲಿಂಗನೋ, ಹುಡುಗರೋ? ತಪಾಸಣೆಗೆ ಬಂದವರ ಮುಂದ ಪೆನ್ಸಿಲ್ ಹಾಳಿ ಇಟ್ರ ನನ್ನ ಕುತ್ತಿಗಿಗೆ ಬರ್ತೈತಿ."

ಈ ಮಾತನ್ನು ಶಂಭುಲಿಂಗರ ಮುಂದಿಟ್ಟರೆ ಅವರು ಹೋದ ಸಲದ ಹಾಳೆ ಬಿಚ್ಚಿ ಕೊನೆಯ ವಾರದ ಮೇಲೆ ಬೆರಳಿಡುತ್ತಾರೆ. "ಖರೆ ಐತಿ. ಆ ಪದ್ಯ ಮುಗಸಬೇಕಾಗಿತ್ತು. ಅದು ನನ್ನ ತಪ್ಪ. ಆದ್ರ ಅವರ ಪ್ಲಾನಿನ್ಯಾಗ ಎಲ್ಲಾ ಮುಗಿದೈತಿ ಅಂತ ಇರ್ತೈತಿ, ಓದಿದವರು ಯಾರೂ ಇರೂದಿಲ್ಲ. ನನ್ನದರಾಗ ಒಂದು ಉಳಿದೈತಿ. ಎರಡರಾಗ ಯಾವ ತಪ್ಪು ಸಣ್ಣದು ಅಂತ ನಾನೂ ತೂಗಿ ನೋಡೇನಿ. ಒಮ್ಮೊಮ್ಮೆ ಗೊತ್ತಾಗೂದಿಲ್ಲ."

ಕಾಯಂ ಆಗಬೇಕು ಅನ್ನುವ ಆಸೆ ಇಲ್ಲವೇ ಎಂದು ಕೇಳುತ್ತೇನೆ.

"ಅದನ್ನ ಬಿಟ್ಟು ಕೇಳ್ರಿ. ನಾ ಬರದ ಹದಿನಾರು ವಾರ, ಅವರು ಬದುಕಿದ ಹದಿನಾರು ವಾರ, ಒಂದ ಸಲ ಸರಿಯಾಗಿ ಕೂಡಬೇಕು. ಒಂದ ಸೆಮಿಸ್ಟರ್ ಸಾಕು. ಇನ್ನಾ ಆಗಿಲ್ಲ ಅದು."

ಶನಿವಾರ ಬೆಳಿಗ್ಗೆ ಹತ್ತೂಕಾಲು. ವಿಭಾಗದ ಮೇಜಿನ ಮೇಲೆ ಮುದ್ರಿತ ಯೋಜನೆ ವಾಪಸ್ ಬಂದಿದೆ. ಸಹಿಯ ಜಾಗ ಖಾಲಿ. ಕೋಣೆಯಲ್ಲಿ ಮತ್ತೆ ನಾಲ್ಕು ಮಂದಿ ಇದ್ದಾರೆ.

"ಏನ್ರಿ ಇದು?"

"ಒಂಬತ್ತನೇ ವಾರಕ್ಕ ಎರಡು ಪಾಠ, ಒಂದು ಟೆಸ್ಟ್ ಹಾಕೀರಿ ಸರ. ಈ ಸಲ ಕೊಯ್ಲು ಅದ ವಾರ ಬರ್ತೈತಿ, ಅರ್ಧ ಕ್ಲಾಸ್ ಗದ್ದ್ಯಾಗ ಇರ್ತೈತಿ. ಒಂದ ವಾರ ಹಿಂದ ಸರಸ್ರಿ, ಈಗಿಂದೀಗ ಸಹಿ ಮಾಡ್ತೇನಿ. ಆ ಕೊನೀ ಪದ್ಯಾನೂ ಮುಗಸ್ತೇನಿ."

"ನಿಮ್ಮೊಬ್ಬರ ಸಲುವಾಗಿ ಅಚ್ಚಾದದ್ದನ್ನ ಅಳಸಬೇಕೇನು?"

"ನನ್ನ ಸಲುವಾಗಿ ಅಲ್ರಿ."

ರುದ್ರೇಶ ಹಾಳೆಯನ್ನು ಫೈಲಿನೊಳಗೆ ಇಡುತ್ತಾರೆ. ಈ ಸಲ ಅವರ ದನಿ ಏರುವುದಿಲ್ಲ. "ಜನವರಿಗೆ ಬ್ಯಾರೆಯವರನ್ನ ನೋಡ್ತೇವಿ. ಸವಣೂರಿನ್ಯಾಗ ಎರಡು ದಿನ ಐತೆಲ್ಲ ನಿಮಗ. ಅದನ್ನ ಉಳಿಸ್ಕೋರಿ."

ಶಂಭುಲಿಂಗ ತಲೆಯಾಡಿಸಿ ಕ್ಲಾಸಿಗೆ ಹೋಗುತ್ತಾರೆ. ಐವತ್ತು ನಿಮಿಷ ಪಾಠ ಮಾಡುತ್ತಾರೆ. ದನಿಯಲ್ಲಿ ಏನೂ ಬದಲಾಗಿಲ್ಲ. ನಡುವೆ ಎರಡು ಸಲ ನಗಿಸುತ್ತಾರೆ ಕೂಡ. ಮುಗಿದ ಮೇಲೆ ಹುಡುಗ ಹುಡುಗಿಯರು ಮೇಜಿನ ಸುತ್ತ ನೆರೆಯುತ್ತಾರೆ. ಜನವರಿಯ ಸುದ್ದಿ ಅವರಿಗಿನ್ನೂ ಗೊತ್ತಿಲ್ಲ. ನೀಲಾ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬರುತ್ತಾಳೆ.

"ಸರ, ಮುಂದಿನ ಸೆಮಿಸ್ಟರಿನ್ಯಾಗ ಮೊದಲ ಯಾವ ಪಾಠ ತಗೋತೀರಿ? ನಮ್ಮ ಅಕ್ಕನ ಕಡೆ ಹಳೇ ಪುಸ್ತಕ ಐತ್ರಿ. ನಾ ಈಗಿಂದ ಓದಾಕ ಶುರು ಮಾಡ್ತೇನಿ."

ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಶಂಭುಲಿಂಗ ಅವಳ ಮುಖವನ್ನೇ ನೋಡುತ್ತಾರೆ. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಸುತ್ತ ನಿಂತವರು ದಾರಿ ಬಿಡುತ್ತಾರೆ.

"ಸರ, ಯಾವುದ್ರಿ?"

ಅವರು ಹೊಸ್ತಿಲು ದಾಟಿ ಮೆಟ್ಟಿಲು ಇಳಿಯತೊಡಗುತ್ತಾರೆ.