ತವರಿಗೆ ಬಂದವರನ್ನೂ ಎಣಿಸುವ ಹುಸ್ನಾ

ವಳಕಮದಿನ್ನಿಯಲ್ಲಿ ಬೆಳಕು ಹರಿಯುವ ಮೊದಲೇ ಹಾದಿಯ ತುಂಬ ಮಾತು. ನಾಟಿಗೆ ಹೊರಟ ಹೆಂಗಸರು ಬುತ್ತಿಗಂಟು ಹಿಡಿದು ಟಂಟಂ ಆಟೋಗೆ ಕಾಯುತ್ತಿದ್ದಾರೆ. ಒಮ್ಮೆ ಗದ್ದೆಗೆ ಇಳಿದರೆ ಮತ್ತೆ ಕೈಗೆ ಸಿಗುವುದು ಸಂಜೆಗೇ. ಅದಕ್ಕೇ ಮಸ್ಕಿಯ ಹುಸ್ನಾ ಹಿಂದಿನ ದಿನವೇ ಬಂದು ಊರಿನ ಆಶಾ ಕಾರ್ಯಕರ್ತೆ ಯಮನೂರಮ್ಮನವರ ಮನೆಯಲ್ಲಿ ಉಳಿದಿದ್ದಾಳೆ. ಈಗ ಇಬ್ಬರೂ ನರಸಣ್ಣನ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಆತನ ಹೆಂಡತಿ ರೊಟ್ಟಿ ಕಟ್ಟಿಕೊಳ್ಳುವುದರೊಳಗೆ ಪ್ರಶ್ನೆ ಮುಗಿಯಬೇಕು.

"ಮನ್ಯಾಗ ಎಷ್ಟು ಮಂದಿ ಅದೀರವ್ವಾ?" ಹುಸ್ನಾ ಕೇಳುತ್ತಾಳೆ.

"ನಾಲ್ಕು ಮಂದಿ."

"ನಿನ್ನಿ ರಾತ್ರಿ ಈ ಮನ್ಯಾಗ ಎಷ್ಟು ಮಂದಿ ಮಲಗಿದ್ರಿ?"

"ಮಲಗಿದ್ದಾ? ಐದು ಮಂದಿ," ಎಂದ ಆಕೆ ತಾನೇ ನಗುತ್ತಾಳೆ. "ಮಗಳು ಹಡಿಯಾಕ ಬಂದಾಳ. ಆಕಿನ್ನ ಕೊಟ್ಟ ಮ್ಯಾಲ ಹಟ್ಟಿಯವರ ಮನಿಯಾಕಿ ಆದಳಲ್ಲ!"

ಐದನೆಯವಳು ಸೆರಗು ಸರಿಪಡಿಸಿಕೊಳ್ಳುತ್ತ ನಿಧಾನವಾಗಿ ಹೊರಗೆ ಬರುತ್ತಾಳೆ. ಯಮನೂರಮ್ಮ ಬೆರಳು ಚುಚ್ಚಿ ರಕ್ತದ ಹನಿಯನ್ನು ಅಂಗೈಯಗಲದ ಯಂತ್ರಕ್ಕೆ ಹಿಡಿಯುತ್ತಾರೆ. ಹುಸ್ನಾ ಮೊಬೈಲಿನಲ್ಲಿ ಗುರುತು ಮಾಡಿಕೊಳ್ಳುತ್ತಾಳೆ. ಹಿಮೋಗ್ಲೋಬಿನ್ ಕಮ್ಮಿಯೇ, ಆದರೆ ಗಾಬರಿಪಡುವಷ್ಟಲ್ಲ. ಇಬ್ಬರೂ ಎದ್ದು ಮುಂದಿನ ಮನೆಗೆ ನಡೆಯುತ್ತಾರೆ. ಹೀಗೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಬಾಗಿಲು.

ಹುಸ್ನಾ ಓದುತ್ತಿರುವುದು ವಿಶ್ವವಿದ್ಯಾಲಯದಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ರೋಗ, ಹೆರಿಗೆ, ಸಾವುಗಳ ಅಂಕಿ ಕೂಡಿಸಿ ಯಾವ ಊರಿಗೆ ಯಾವ ಮದ್ದು ಮೊದಲು ಹೋಗಬೇಕೆಂದು ಹೇಳುವ ವಿದ್ಯೆ ಅದು. ಅಂಕಿ ತಪ್ಪಿದರೆ ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬಿದ್ದಂತೆಯೇ. ಮಸ್ಕಿ ಬಜಾರಿನಲ್ಲಿ ಅರಳೆ ಹಿಂಜಿ ಗಾದಿ ತುಂಬುವ ಅಪ್ಪ ದಾದೇಸಾಬರಿಗೆ ಈ ವಿದ್ಯೆಯ ಹೆಸರು ಇಂದಿಗೂ ನಾಲಿಗೆಯ ಮೇಲೆ ಹೊರಳುವುದಿಲ್ಲ. ಮಗಳು ಡಾಕ್ಟರಿಕೆ ಓದುತ್ತಾಳೆಯೇ ಎಂದು ಯಾರಾದರೂ ಕೇಳಿದರೆ, "ಡಾಕ್ಟರ್ ಅಲ್ರಿ, ರೋಗ ಎಣಸೋದು ಕಲ್ಯಾಕತ್ಯಾಳ," ಎನ್ನುತ್ತಾರೆ. "ಎಣಿಸಿದ್ರ ರೋಗ ಹೋಕ್ಕಾವೇನು ಸಾಬ್ರ?" ಎಂದು ನಗುವ ಗಿರಾಕಿಗಳೂ ಇದ್ದಾರೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕೆಲವು ಹಳ್ಳಿಗಳ ಗರ್ಭಿಣಿಯರಲ್ಲಿ ರಕ್ತಹೀನತೆ ಎಷ್ಟಿದೆ ಎಂಬುದು ಆಕೆ ಆರಿಸಿಕೊಂಡ ವಿಷಯ. ಐದು ಮನೆಗೊಂದರಂತೆ ಬಾಗಿಲು ತಟ್ಟಿ ಮೊದಲ ಸುತ್ತು ಮುಗಿಸಿದಾಗ ಬಂದ ಉತ್ತರ ಅಂದುಕೊಂಡದ್ದಕ್ಕಿಂತ ಬಹಳ ಚೆನ್ನಾಗಿತ್ತು, ರಕ್ತ ಕಮ್ಮಿಯಿದ್ದವರು ಕೆಲವರೇ. ಆಕೆ ಬರೆಯಲೂ ಕೂತಿದ್ದಳು.

ಆ ಹೊತ್ತಿಗೆ ಅಕ್ಕ ಸಲ್ಮಾ ಮೊದಲ ಹೆರಿಗೆಗೆಂದು ಸಿಂಧನೂರಿನ ಗಂಡನ ಮನೆಯಿಂದ ಮಸ್ಕಿಗೆ ಬಂದಳು. ಒಂದು ಮಧ್ಯಾಹ್ನ ಹುಸ್ನಾ ತಮಾಷೆಗೆಂದು ತನ್ನ ಪ್ರಶ್ನೆಯನ್ನು ತಾಯಿ ಮಕ್ತುಂಬೀಯವರಿಗೇ ಕೇಳಿದಳು: "ನಿಮ್ಮ ಮನ್ಯಾಗ ಬಸುರಿ ಹೆಣ್ಮಕ್ಕಳು ಯಾರರ ಅದಾರೇನ್ರಿ?"

"ಯಾರೂ ಇಲ್ಲ," ಎಂದರು ಮಕ್ತುಂಬೀ. ಸಲ್ಮಾ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು!

"ಅಮ್ಮೀ, ಮತ್ತ ಆಪಾ?"

"ಅರೇ ಬೇಟಿ, ಸಲ್ಮಾ ಅವರ ಮನಿ ಸೊಸಿ. ಅಲ್ಲೇ ಬರಸ್ತಾರ ಬಿಡು."

ಮೂವರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹುಸ್ನಾಗೆ ತನ್ನ ಮೊದಲ ಸುತ್ತಿನಲ್ಲಿ ಆದದ್ದೇನೆಂದು ಹೊಳೆಯಿತು. ಗಂಡನ ಮನೆಯವರು ಸೊಸೆ ತವರಿಗೆ ಹೋಗಿದ್ದಾಳೆಂದು ಲೆಕ್ಕದಿಂದ ಬಿಟ್ಟಿದ್ದರು. ತವರಿನವರು ಕೊಟ್ಟ ಹೆಣ್ಣೆಂದು ಬಿಟ್ಟಿದ್ದರು. ಚೊಚ್ಚಲ ಬಸುರಿಯರು, ದಿನ ಹತ್ತಿರ ಬಂದವರು, ಎಲ್ಲರಿಗಿಂತ ಹೆಚ್ಚು ಜೋಪಾನ ಬೇಕಾದವರೇ ಎಣಿಕೆಗೆ ಸಿಕ್ಕಿರಲಿಲ್ಲ.

ಮಾರ್ಗದರ್ಶಕ ಆನಂದಕುಮಾರ ಸರ್ ಸಿಟ್ಟಾಗಲಿಲ್ಲ. ಅಧ್ಯಯನದ ಮಿತಿಯೆಂದು ಬರೆದು ಒಪ್ಪಿಸಬಹುದು, ಅದರಲ್ಲಿ ಮೋಸವೇನಿಲ್ಲ ಎಂದರು. ಮತ್ತೆ ಹಳ್ಳಿ ಸುತ್ತಿದರೆ ಈ ಸಲ ಪದವಿ ಕೈಗೆ ಬರುವುದಿಲ್ಲವೆಂದೂ ಎಚ್ಚರಿಸಿದರು. ಪದವಿ ಬಂದರೆ ಜಿಲ್ಲೆಯ ಆರೋಗ್ಯ ಯೋಜನೆಯೊಂದರಲ್ಲಿ ಆಕೆಗೆ ಕೆಲಸ ಕಾದಿತ್ತು. "ಮೊದಲ ನೌಕರಿ ಹಿಡಿ, ಆಮ್ಯಾಲ ಎಷ್ಟರ ಎಣಸಕೋಂತ ಕೂಡು," ಎಂದು ದಾದೇಸಾಬರು ರೇಗಿದರು. ಹುಸ್ನಾ ಮೊದಲಿನ ಹಳ್ಳಿಗಳಿಗೇ ಮತ್ತೆ ಹೊರಟಳು, ಹೊಸ ಪ್ರಶ್ನೆಯೊಂದನ್ನು ಸೇರಿಸಿಕೊಂಡು. ಆರೋಗ್ಯ ಯೋಜನೆಯ ಆ ನೌಕರಿ ಸಹಪಾಠಿ ಅಸ್ಮಾಳ ಪಾಲಾಯಿತು. ಹುಸ್ನಾ ಫೋನ್ ಮಾಡಿ ಮುಬಾರಕ್ ಹೇಳಿದಳು. ಫೋನ್ ಇಟ್ಟ ಮೇಲೆ ಅತ್ತಳು.

ಈ ಎರಡನೇ ಸುತ್ತಿನಲ್ಲಿ, ಲಿಂಗಸುಗೂರು ಕಡೆಯ ಹಳ್ಳಿಯೊಂದರಲ್ಲಿ, ತವರಿಗೆ ಬಂದಿದ್ದ ಮಹಾಲಕ್ಷ್ಮಿ ಎಂಬ ಚೊಚ್ಚಲ ಬಸುರಿ ಸಿಕ್ಕಳು. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಿಮೋಗ್ಲೋಬಿನ್ ಏಳಕ್ಕೂ ಕೆಳಗೆ. ಅಂದೇ ಅಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದರು. ರಕ್ತ ಕೊಟ್ಟ ಮೇಲೆ ಹೆರಿಗೆ ಸುಸೂತ್ರವಾಯಿತು, ಈಗ ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ಮೊದಲ ಸುತ್ತಿನಲ್ಲೂ ಹುಸ್ನಾ ಆ ಮನೆಯ ಬಾಗಿಲು ತಟ್ಟಿದ್ದಳು. ಬಸುರಿಯರಿಲ್ಲ ಎಂಬ ಉತ್ತರ ಬಂದಾಗ ಮಹಾಲಕ್ಷ್ಮಿ ಒಳಗೇ ಮಲಗಿದ್ದಳು.

ನೌಕರಿ ತಪ್ಪಿದ್ದಕ್ಕೆ ಬೇಸರವಿಲ್ಲವೇ ಎಂದರೆ ಹುಸ್ನಾ ಮುಚ್ಚಿಡುವುದಿಲ್ಲ. "ಐತ್ರಿ, ಯಾಕಿಲ್ಲ? ಅಬ್ಬಾ ಇನ್ನಾ ಅದನ್ನ ಆಡಿ ತೋರಿಸ್ತಾರ. ಬರೋ ವರ್ಷ ಮತ್ತ ಅರ್ಜಿ ಹಾಕ್ತೀನಿ." ಮುಂದಿನ ಬಾಗಿಲ ಚಿಲಕ ಬಡಿದು, ಒಳಗಿನಿಂದ ಯಾರಾದರೂ ಬರುವವರೆಗೆ ಆಕೆ ಮಾತು ಮುಂದುವರಿಸುತ್ತಾಳೆ.

"ಮೊದಲು ಬಂದ ನಂಬರ್ ಚಂದಿತ್ರಿ. ಈಗ ಬರಾಕತ್ತಿದ್ದು ಚಂದಿಲ್ಲ. ಆದ್ರ ಇದರಾಗ ಮಹಾಲಕ್ಷ್ಮಿ ಅದಾಳ."