ಟಿಪ್ಪಣಿ ಪುಸ್ತಕದ ಮೂರು ಜ್ವರ

ಮೇಷ್ಟ್ರಾಗಿ ಸೇರಿದಾಗ ಸರ್ಕಾರದವರು ನನಗೆ ಕೊಟ್ಟಿದ್ದು ಒಂದು ಕೈಗಂಟೆ, ಒಂದು ಹಾಜರಿ ಪುಸ್ತಕ, ಕಾಲು ಮುರಿದ ಒಂದು ಕುರ್ಚಿ. ಪಾಠ ಹೇಗೆ ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಲೋವರ್ ಸೆಕೆಂಡರಿ ಪಾಸಾಗಿದ್ದೆ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬೆಂಗಳೂರು ಕಡೆಯ ವಿಜಯಪುರದಿಂದ ಒಂದೂವರೆ ಗಂಟೆ ನಡೆದರೆ ಸಿಗುವ ಹಳ್ಳಿಯೊಂದರ ಶಾಲೆಗೆ ನನ್ನನ್ನು ತಳ್ಳಿ ಕೈ ತೊಳೆದುಕೊಂಡರು. ಎರಡನೇ ಮಹಾಯುದ್ಧದ ಕಾಲ ಅದು. ಕಾಗದಕ್ಕೆ ಬರ, ಸೀಮೆಎಣ್ಣೆಗೆ ಬರ, ಸೀಮೆಸುಣ್ಣಕ್ಕೂ ಬರ. ನಾಲ್ಕು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ನನ್ನ ಮೇಷ್ಟ್ರು ನನಗೆ ಕಲಿಸಿದ್ದ ಹಾಗೇ ಅವರಿಗೂ ಕಲಿಸಿದೆ. ಅಂದರೆ ಕೂಗಿ, ಹೊಡೆದು, ಬಾಯಿಪಾಠ ಮಾಡಿಸಿ.

ಆಗ ಮೇಷ್ಟ್ರುಗಳಲ್ಲಿ ಎರಡೇ ಜಾತಿ: ಟ್ರೇನಿಂಗ್ ಆದವರು, ಆಗದವರು. ಆದವರು ಬೆಂಗಳೂರಿನಲ್ಲಿ ಒಂದು ವರ್ಷ ಇದ್ದು ಸರ್ಟಿಫಿಕೇಟು ತಂದಿರುತ್ತಿದ್ದರು. ಅವರ ಕೆಲಸಕ್ಕೆ ಚ್ಯುತಿಯಿಲ್ಲ. ಆಗದವರು ಹಂಗಾಮಿ. ಸರ್ಟಿಫಿಕೇಟು ಇರುವವನೊಬ್ಬ ಬಂದು ಬಾಗಿಲಲ್ಲಿ ನಿಂತರೆ ನಾವು ಕೊಡೆ ಎತ್ತಿಕೊಂಡು ಹೊರಡಬೇಕು. ನನಗೆ ಹೊರಟು ಹೋಗುವುದಕ್ಕೆ ಜಾಗ ಎಂದರೆ ಕುಂದಾಣದ ಹತ್ತಿರದ ನಮ್ಮೂರು, ಅಲ್ಲಿ ಅಣ್ಣನ ಕೈಕೆಳಗೆ ಹೊಲದ ಕೆಲಸ. ತಮ್ಮ ಓದಿದವನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದ ಅಣ್ಣನ ಮುಂದೆ ಹಾಗೆ ಹೋಗಿ ನಿಲ್ಲುವುದಕ್ಕಿಂತ ಬಾವಿ ನೋಡಿಕೊಳ್ಳುವುದು ವಾಸಿ ಅಂದುಕೊಂಡಿದ್ದೆ. ನಮ್ಮ ಭಾಗದಿಂದ ವರ್ಷಕ್ಕೆ ಒಬ್ಬನನ್ನು ಟ್ರೇನಿಂಗಿಗೆ ಕಳಿಸುತ್ತಿದ್ದರು. ಆ ಒಬ್ಬ ನಾನಾಗಬೇಕಿತ್ತು.

ತಿಂಗಳಿಗೊಂದು ಶನಿವಾರ ಮೇಷ್ಟ್ರುಗಳ ಸಭೆ ಇರುತ್ತಿತ್ತು. ಒಂದೊಂದು ತಿಂಗಳು ಒಂದೊಂದು ಶಾಲೆಯಲ್ಲಿ. ಆ ಶಾಲೆಯ ಮೇಷ್ಟ್ರು ಎಲ್ಲರ ಮುಂದೆ ಒಂದು ಮಾದರಿ ಪಾಠ ಮಾಡಬೇಕು. ಪಾಠದ ಟಿಪ್ಪಣಿಯನ್ನು ಮೊದಲೇ ಬರೆದು ಶಾಲಾ ಇನ್ಸ್‌ಪೆಕ್ಟರ ಕೈಗೆ ಕೊಡಬೇಕು. ಎಡಗಡೆ ಮೇಷ್ಟ್ರು ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಹೇಳುವ ಉತ್ತರ. ಮಕ್ಕಳು ಏನು ಹೇಳುತ್ತಾರೆ ಅಂತ ಮಕ್ಕಳು ಹೇಳುವುದಕ್ಕೆ ಮುಂಚೆಯೇ ಬರೆದಿಡುವ ಪದ್ಧತಿ ಅದು. ಇನ್ಸ್‌ಪೆಕ್ಟರು ಪೆನ್ಸಿಲ್ ಹಿಡಿದು ಸಾಲು ಸಾಲಿಗೂ ಗುರುತು ಹಾಕುತ್ತ ಬರುತ್ತಿದ್ದರು. ಟ್ರೇನಿಂಗಿಗೆ ಯಾರು ಅನ್ನುವುದು ಆ ಪೆನ್ಸಿಲ್ಲಿನಲ್ಲೇ ತೀರ್ಮಾನವಾಗುತ್ತಿತ್ತು.

ನನ್ನ ಸರದಿ ಬಂತು. ಪಾಠವನ್ನು ಇನ್ಸ್‌ಪೆಕ್ಟರೇ ಗೊತ್ತು ಮಾಡಿ ಕಳಿಸಿದ್ದರು: ರೇಷ್ಮೆ ಹುಳು. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸರ್ಕಾರಕ್ಕೆ ಆಗ ಇದ್ದಕ್ಕಿದ್ದಂತೆ ಹುಳುವಿನ ಮೇಲೆ ಪ್ರೀತಿ ಉಕ್ಕಿತ್ತು. ಟಿಪ್ಪಣಿ ಬರೆಯುವುದು ಹೇಗೆ ಅಂತ ನನಗೆ ತಿಳಿಯದು. ವಿಜಯಪುರದ ಶಾಲೆಯ ಹೆಡ್‌ಮೇಷ್ಟ್ರ ಹತ್ತಿರ ಅವರು ಟ್ರೇನಿಂಗಿನಲ್ಲಿ ಬರೆದಿದ್ದ ಟಿಪ್ಪಣಿ ಪುಸ್ತಕವಿತ್ತು. ಸುತ್ತಿನ ಮೇಷ್ಟ್ರುಗಳೆಲ್ಲ ಅದನ್ನೇ ನೋಡಿ ಬರೆದು ಬಾಳುವೆ ಮಾಡಿದವರು. ಪುಸ್ತಕ ಕೊಡಬೇಕಾದರೆ ಅವರ ಶಾಲೆಯ ರಿಜಿಸ್ಟರುಗಳನ್ನೆಲ್ಲ ನಾನು ದುಂಡಗೆ ಬರೆದುಕೊಡಬೇಕು ಅಂದರು. ಇಡೀ ದಸರಾ ರಜ ಅವರ ಜಗಲಿಯಲ್ಲಿ ಕೂತು ಬರೆದೆ. ಪುಸ್ತಕ ಕೈಗೆ ಕೊಡುವಾಗ ಒಂದು ಮಾತು ಹೇಳಿದರು: "ಇದನ್ನ ಬಿಟ್ಟು ಒಂದಕ್ಷರ ಆಚೀಚೆ ಹೋಗ್ಬೇಡ. ಸಾಹೇಬ್ರು ಮಕ್ಳನ್ನ ನೋಡಲ್ಲ, ಟಿಪ್ಪಣಿ ನೋಡ್ತಾರೆ."

ಅದನ್ನು ನಕಲು ಮಾಡುವಾಗ ಒಂದು ಕಡೆ ನನ್ನ ಲೇಖನಿ ನಿಂತುಬಿಟ್ಟಿತು. 'ರೇಷ್ಮೆ ಹುಳುವು ಎಷ್ಟು ಸಲ ಪೊರೆ ಬಿಡುತ್ತದೆ?' ಬಲಗಡೆ: 'ಮೂರು ಸಲ.' ಪೊರೆ ಬಿಡುವಾಗ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ, ಪೊರೆ ಬಿಟ್ಟು ಮತ್ತೆ ಮೇಯತೊಡಗಿದರೆ ಜ್ವರ ಎದ್ದವು ಅನ್ನುತ್ತಾರೆ. ಜ್ವರ ನಾಲ್ಕು. ನಮ್ಮವ್ವ ಹುಳು ಸಾಕಿಯೇ ನನ್ನನ್ನು ಓದಿಸಿದವಳು. ಒಂದೊಂದು ಜ್ವರಕ್ಕೂ ಹುಳುವಿನ ತಟ್ಟೆ ಎತ್ತಿ ಇಳಿಸಿದ ಕೈ ನನ್ನದು. ನಾಲ್ಕು ಅಂತ ನನಗೆ ಗೊತ್ತಿತ್ತು. ಆದರೂ, ಬೆಂಗಳೂರಿನಲ್ಲಿ ಬರೆಸಿದ್ದಾರೆ, ಅವರ ಲೆಕ್ಕವೇ ಬೇರೆ ಇರಬಹುದು, ಅಕ್ಷರ ಬಾರದ ನಮ್ಮವ್ವನಿಗೆ ಏನು ಗೊತ್ತು ಅಂದುಕೊಂಡು 'ಮೂರು' ಎಂದೇ ಬರೆದೆ. ಈಗ ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಸಭೆಯ ದಿನ ಇಪ್ಪತ್ತು ಮೇಷ್ಟ್ರುಗಳು ಗೋಡೆಗೊರಗಿ ಕೂತರು. ಇನ್ಸ್‌ಪೆಕ್ಟರಿಗೆ ಊರ ಪಟೇಲರ ಮನೆಯಿಂದ ಕುರ್ಚಿ ಬಂತು. ಪಾಠ ಚೆನ್ನಾಗಿಯೇ ಸಾಗಿತು. ಮೊಟ್ಟೆ ಆಯಿತು, ಸೊಪ್ಪು ಆಯಿತು. ಮಕ್ಕಳ ಉತ್ತರಗಳೂ ಬಲಗಡೆಯ ಸಾಲಿಗೆ ಹೇಗೋ ಹೊಂದಿಕೊಂಡು ಬಂದವು. ಪೆನ್ಸಿಲ್ ಓಡುತ್ತಿತ್ತು. ಆಮೇಲೆ ಕೇಳಿದೆ, ಹುಳು ಎಷ್ಟು ಸಲ ಪೊರೆ ಬಿಡುತ್ತದೆ ಅಂತ.

ನಾಲ್ಕನೇ ತರಗತಿಯಲ್ಲಿ ಇದ್ದವಳು ಒಬ್ಬಳೇ ಹುಡುಗಿ. ಬೆಳಿಗ್ಗೆ ಸೊಪ್ಪು ಬಿಡಿಸಿಟ್ಟು ಬರುತ್ತಿದ್ದಳು, ಬೆರಳೆಲ್ಲ ಕರೆಯಾಗಿರುತ್ತಿತ್ತು. ಶಾಲೆಯಲ್ಲಿ ನಾನು ಏನು ಕೇಳಿದರೂ ಮೊದಲು ಏಳುವವಳು ಅವಳೇ. ಆವತ್ತೂ ಎದ್ದಳು.

"ಜ್ವರ ತಾನೆ ಸಾ? ನಾಕು."

"ಮೂರು. ಕೂತ್ಕೋ."

"ನಾಕು ಸಾ. ನಮ್ಮನೇಲಿ ನೆನ್ನೆ ತಾನೆ ನಾಕ್ನೇ ಜ್ವರ ಎದ್ವು. ಸೊಪ್ಪು ಸಾಕಾಗ್ದೆ ನಮ್ಮಪ್ಪ ಪಕ್ಕದೂರ್ಗೆ ಹೋಗವ್ರೆ."

ಇನ್ಸ್‌ಪೆಕ್ಟರ ಪೆನ್ಸಿಲ್ ನಿಂತಿತು. ಅದು ನಿಂತಿದ್ದು ನನಗೆ ಕಂಡಿತು. ನಾನು ಬೆತ್ತ ತೆಗೆದುಕೊಳ್ಳಲಿಲ್ಲ, ಮಾದರಿ ಪಾಠದಲ್ಲಿ ಬೆತ್ತ ಮುಟ್ಟುವ ಹಾಗಿಲ್ಲ. "ಮನೇಲಿ ನೋಡಿದ್ದನ್ನೆಲ್ಲ ಇಲ್ಲಿ ಹೇಳಬಾರದು. ಮೂರು ಸಲ. ಎಲ್ಲರೂ ಹೇಳಿ" ಅಂದೆ. ಎಲ್ಲರೂ ಹೇಳಿದರು. ಮನೆಯಲ್ಲಿ ಹುಳು ಸಾಕುವ ಮಕ್ಕಳೇ ಎಲ್ಲ. ಒಂದೇ ರಾಗದಲ್ಲಿ ಮೂರು ಸಲ ಅಂದರು. ಗೋಡೆಗೊರಗಿದ್ದ ಮೇಷ್ಟ್ರುಗಳಲ್ಲೂ ಅರ್ಧಕ್ಕರ್ಧ ಜನ ಹುಳು ಸಾಕುವ ಮನೆಯವರು, ಒಬ್ಬರೂ ಕೆಮ್ಮಲಿಲ್ಲ. ಹುಡುಗಿ ಕೂತಳು. ಪೆನ್ಸಿಲ್ ಮತ್ತೆ ಓಡಿತು.

ಎಲ್ಲರೂ ಹೋದ ಮೇಲೆ ಇನ್ಸ್‌ಪೆಕ್ಟರು ನನ್ನನ್ನು ಹತ್ತಿರ ಕರೆದರು.

"ಆ ಹುಡುಗಿ ಹೇಳಿದ್ದು ಸರೀನೇನಯ್ಯಾ?"

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಸರಿ ಸಾರ್" ಅಂದೆ.

"ನಿನಗೆ ಗೊತ್ತಿತ್ತೋ?"

"ಗೊತ್ತಿತ್ತು ಸಾರ್. ಟಿಪ್ಪಣೀಲಿ ಮೂರು ಅಂತಿತ್ತು."

ಬೈಯುತ್ತಾರೆ ಅಂದುಕೊಂಡೆ. ಅವರು ನಕ್ಕರು, ಬೆನ್ನು ತಟ್ಟಿದರು. "ಟಿಪ್ಪಣಿ ಬಿಡಲಿಲ್ಲ ನೋಡು, ಅದು ಮುಖ್ಯ. ಟ್ರೇನಿಂಗಿಗೆ ನಿನ್ನಂಥವರೇ ಸರಿ. ಬರೆದು ಕಳಿಸ್ತೀನಿ" ಅಂದರು. ಆ ರಾತ್ರಿ ನಾನು ಖುಷಿಯಾಗಿ ಊಟ ಮಾಡಿ ಮಲಗಿದೆ. ಮನಸ್ಸಿಗೆ ಚುಚ್ಚಿತು ಅಂತ ಈಗ ಹೇಳಿದರೆ ಬೂಟಾಟಿಕೆಯಾಗುತ್ತದೆ. ಚುಚ್ಚಲಿಲ್ಲ, ನೆಮ್ಮದಿಯಾಯಿತು.

ಪುಸ್ತಕ ಹಿಂದಿರುಗಿಸುವಾಗ ಹೆಡ್‌ಮೇಷ್ಟ್ರಿಗೆ ತಪ್ಪನ್ನು ಮೆತ್ತಗೆ ಹೇಳಿ ನೋಡಿದೆ. ಅವರ ಮುಖ ಕೆಂಪಾಯಿತು. "ಟ್ರೇನಿಂಗ್ ಆದೋನು ನಾನೋ ನೀನೋ? ಇನ್ನೂ ಆರ್ಡರ್ ಬಂದಿಲ್ಲ, ಆಗ್ಲೇ ನನ್ ಪುಸ್ತಕ ತಿದ್ದೋಕ್ ಬಂದ್ಬಿಟ್ಟೆ. ಸಾಹೇಬ್ರು ನನ್ನನ್ನೂ ಒಂದ್ಮಾತು ಕೇಳೇ ಕಳಿಸೋದು, ಗೊತ್ತಿರ್ಲಿ" ಅಂದರು. ನಾನು ತಪ್ಪಾಯಿತು ಅಂತ ಹೇಳಿ ಬಂದೆ. ನಾಲ್ಕನೇ ತರಗತಿಯ ಪರೀಕ್ಷೆಗೆ ಸುತ್ತಿನ ಮಕ್ಕಳೆಲ್ಲ ಅವರ ಶಾಲೆಗೇ ಹೋಗಬೇಕಿತ್ತು. ಪ್ರಶ್ನೆ ಕೊಡುವವರೂ ಅವರೇ, ಉತ್ತರ ತಿದ್ದುವವರೂ ಅವರೇ.

ಪರೀಕ್ಷೆಗೆ ವಾರವಿದ್ದಾಗ ಆ ಹುಡುಗಿ ಶಾಲೆ ಬಿಟ್ಟ ಮೇಲೂ ಹೋಗದೆ ನಿಂತಿದ್ದಳು. ಸಭೆಯಾದಾಗಿನಿಂದ ಅವಳು ತಾನಾಗಿ ಎದ್ದು ಉತ್ತರ ಹೇಳಿದ್ದೇ ಇಲ್ಲ ಅನ್ನುವುದು ನನಗೆ ಆಗ ಹೊಳೆಯಿತು.

"ಸಾ, ಪರೀಕ್ಷೇಲಿ ಹುಳದ್ದು ಬಂದ್ರೆ ಎಷ್ಟ್ ಜ್ವರ ಅಂತ ಬರೀಲಿ?"

ಸುತ್ತಮುತ್ತ ಯಾರೂ ಇರಲಿಲ್ಲ. ನಾಲ್ಕು ಬರಿ, ಆವತ್ತು ನಾನೇ ತಪ್ಪು ಹೇಳಿದೆ ಅಂತ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾಲ್ಕು ಬರೆದರೆ ಅವಳಿಗೆ ನಂಬರು ಹೋಗುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನೆವ. ನಾಲ್ಕು ಅಂತ ಬರೆದದ್ದು ಕಂಡರೆ ಹೇಳಿಕೊಟ್ಟವನು ಯಾರು ಅಂತ ಹೆಡ್‌ಮೇಷ್ಟ್ರಿಗೆ ತಿಳಿಯುತ್ತದೆ, ನನ್ನ ಆರ್ಡರು ಇನ್ನೂ ಬಂದಿರಲಿಲ್ಲ.

"ಮೂರು ಅಂತ ಬರಿ" ಅಂದೆ.

ಅವಳು ವಾದ ಮಾಡಲಿಲ್ಲ. "ಸರಿ ಸಾ" ಅಂದು ಹೋದಳು.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಅವಳು ಮೂರು ಅಂತಲೇ ಬರೆದಳು. ಸುತ್ತಿನ ಮಕ್ಕಳಿಗೆಲ್ಲ ಮೊದಲನೆಯವಳಾಗಿ ಪಾಸಾದಳು. ಅದೇ ವಾರ ನನ್ನ ಆರ್ಡರೂ ಬಂತು. ನಾನು ಟ್ರಂಕು ಕಟ್ಟಿಕೊಂಡು ಹೊರಡುವ ಬೆಳಿಗ್ಗೆ ಅವಳ ಅಪ್ಪ ಮಗಳನ್ನು ಕರೆದುಕೊಂಡು ಬಂದ. ಹೆಣ್ಣುಮಕ್ಕಳಿಗೆ ನಾಲ್ಕನೆಯದಕ್ಕೇ ಓದು ಮುಗಿಯುತ್ತಿದ್ದ ಕಾಲ. ನಾಳೆಯಿಂದ ಇವಳು ಮನೆಯಲ್ಲೇ ಅಂದ. ಒಂದು ಕುಕ್ಕೆ ಮಾವಿನಕಾಯಿ ಜಗಲಿಯ ಮೇಲಿಟ್ಟ.

"ನಿಮ್ಮಿಂದ ಮಗು ಒಂದ್ ದಡ ಸೇರ್ತು ಮೇಷ್ಟ್ರೇ" ಅಂದ. ಮಗಳ ಕಡೆ ತಿರುಗಿ, "ಇಷ್ಟ್ ವರ್ಸ ಏನ್ ಕಲ್ತೆ, ಮೇಷ್ಟ್ರಿಗೆ ಹೇಳವ್ವ" ಅಂದ.

ಅವಳು ನನ್ನ ಮುಖ ನೋಡಿದಳು. ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಒಪ್ಪಿಸುವ ಪಾಠ ಒಪ್ಪಿಸಿದಳು.

"ಗೊತ್ತಿರೋದ್ನ ಹೇಳ್ಬಾರ್ದು, ಮೇಷ್ಟ್ರು ಹೇಳಿದ್ದನ್ನೇ ಬರೀಬೇಕು."

ಅಪ್ಪನಿಗೆ ಬಹಳ ಸಂತೋಷವಾಯಿತು. ನಾನು ಅವಳ ತಲೆ ಮುಟ್ಟಿ, ಜಾಣೆ ಅಂದು, ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.