ಅತ್ತೆಯ ಬಲಗೆನ್ನೆ

ಅತ್ತೆ ಗಟ್ಟಿಗಿತ್ತಿ ಎಂದು ಇಡೀ ಕಂಬಳಿ ಕಾರ್ಖಾನೆಗೇ ಗೊತ್ತಿತ್ತು. ತಲೆ ನರೆಯುವವರೆಗೂ ಉಣ್ಣೆ ಬಾಚುವ ಯಂತ್ರದ ಮುಂದೆ ನಿಂತವಳು. ಒಮ್ಮೆಯೂ ಮೈ ಕೆರೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಈಗ ಅದೇ ಯಂತ್ರಕ್ಕೆ ಸೊಸೆ ಬಂದಿದ್ದಳು. ಬಂದಾಗಿನಿಂದ ತುರಿಕೆ, ಉರಿ, ಗೋಳು. ನೋಡಹೋದರೆ ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲ!

“ನಿಮ್ಮತ್ತೆಗೆ ಆಗದ್ದು ನಿನಗೆ ಹೇಗಮ್ಮ ಆಗುತ್ತೆ?” ಎಂದಿದ್ದ ಮೇಲ್ವಿಚಾರಕ. ಆಸ್ಪತ್ರೆಯ ಪರೀಕ್ಷೆಯಲ್ಲಿ ತುರಿಕೆ ನಿಜವೆಂದಾದರೆ ಹೊಲಿಗೆ ವಿಭಾಗ, ಇಲ್ಲದಿದ್ದರೆ ಕೆಲಸದಿಂದಲೇ ಹೊರಗೆ. ಪರೀಕ್ಷೆಯ ದಿನ ಅವನೂ ಬಂದು ಬಾಗಿಲಲ್ಲಿ ನಿಂತ. ಸೊಸೆಯ ನಾಟಕ ಬಯಲಾಗಲಿ ಎಂದು ಅತ್ತೆಯೂ ಬಂದಳು.

“ಮೂಗಿನ ಎರಡೂ ಪಕ್ಕ ಒಂದೊಂದು ಹನಿ. ಒಂದು ಬರೀ ನೀರು, ಒಂದು ಹುಳಿ ಔಷಧಿ. ಸೂಕ್ಷ್ಮ ಚರ್ಮದವರಿಗೆ ಮಾತ್ರ ಹುಳಿ ಉರಿಯುತ್ತೆ. ಎಲ್ಲಿ ಉರಿಯುತ್ತೆ ಅಂತ ನೀವೇ ಹೇಳ್ಬೇಕು. ಹಚ್ಚೋ ನರ್ಸಿಗೂ ಯಾವುದು ಯಾವುದು ಅಂತ ಗೊತ್ತಿಲ್ಲ,” ಎಂದ ವೈದ್ಯೆ ಅತ್ತೆಯತ್ತ ತಿರುಗಿದರು. “ನೀವೂ ಕೂತ್ಕೊಳ್ಳಿ, ಹೋಲಿಸಿ ನೋಡೋಕಾಗುತ್ತೆ.”

“ಧಾರಾಳವಾಗಿ ಹಚ್ಚಿ. ನನ್ನದು ಎಮ್ಮೆ ಚರ್ಮ.”

ನರ್ಸು ಹನಿ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅತ್ತೆಯ ಬಲಗೆನ್ನೆಯಲ್ಲಿ ಇರುವೆ ಹರಿದಂತಾಯಿತು, ಹಿಂದೆಯೇ ಚುರುಚುರು. ಅಯ್ಯೋ, ಹಳೇ ಪರಿಚಯ! ತಾನು ಹೊಸ ಮದುವಣಗಿತ್ತಿಯಾಗಿದ್ದಾಗ ಹೀಗೇ ಕೆರೆದುಕೊಂಡಿದ್ದಕ್ಕೆ “ಮೈಗಳ್ಳಿ” ಎಂದಿದ್ದಳು ತನ್ನ ಅತ್ತೆ. ಅಂದಿನಿಂದ ಹಲ್ಲು ಕಚ್ಚಿ ದುಡಿದು, ಬಚ್ಚಲಿನ ಬಾಗಿಲು ಹಾಕಿಕೊಂಡು ಮಾತ್ರ ಕೆರೆದುಕೊಂಡವಳು. ಈಗಲೂ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು.

“ಎಡಗಡೆ…” ಎಂದಳು ಸೊಸೆ. “ತುಂಬಾ ಉರೀತಿದೆ.”

“ಇರೋದೇ ಎರಡು ಕೆನ್ನೆ. ಯಾರು ಬೇಕಾದ್ರೂ ಒಂದು ಹೇಳ್ಬಹುದು,” ಎಂದು ಮೇಲ್ವಿಚಾರಕ ನಕ್ಕ. “ಅಮ್ಮನವರನ್ನ ಕೇಳಿ. ಏನೂ ಆಗಿಲ್ಲ.”

ಎಲ್ಲರೂ ಅತ್ತೆಯತ್ತ ನೋಡಿದರು. ‘ಏನಿಲ್ಲ’ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಜೀವಮಾನವಿಡೀ ಹೇಳಿದ್ದು ಅದನ್ನೇ. ಸೊಸೆ ಮಾತ್ರ ನೋಡಲಿಲ್ಲ. ಉತ್ತರ ಗೊತ್ತಿದ್ದವಳಂತೆ ತಲೆ ತಗ್ಗಿಸಿ ಕೂತಿದ್ದಳು.

ಅತ್ತೆಯ ಕೈ ಮೇಲೆ ಬಂತು. ಅಷ್ಟು ಜನರೆದುರು, ಐದೂ ಉಗುರಿನಿಂದ, ಬಲಗೆನ್ನೆಯನ್ನು ಪರಪರ ಕೆರೆದುಕೊಂಡಳು.

“ಉರಿಯುತ್ತಪ್ಪಾ! ಮೊದಲಿಂದಲೂ ಉರೀತಿತ್ತು!”

“ಒಬ್ಬಳು ಎಡ ಅಂತಾಳೆ, ಒಬ್ಬಳು ಬಲ!” ಎಂದ ಮೇಲ್ವಿಚಾರಕ.

“ಬೇಕಂತಲೇ ಒಬ್ಬರಿಗೆ ಎಡಕ್ಕೆ, ಒಬ್ಬರಿಗೆ ಬಲಕ್ಕೆ ಹುಳಿ ಬರೋ ಹಾಗೆ ಅದಲು ಬದಲು ಮಾಡಿಸಿದ್ದೆ,” ಎಂದರು ವೈದ್ಯೆ. “ಇಬ್ಬರೂ ಸರಿಯಾಗೇ ಹೇಳಿದ್ರು.”

ಅತ್ತೆ ಕೆರೆಯುತ್ತಲೇ ಇದ್ದಳು, ಕಣ್ಣಲ್ಲಿ ನೀರು. ಸೊಸೆ ಎದ್ದು ಬಂದು ಆ ಕೈಯನ್ನು ಮೆಲ್ಲಗೆ ಹಿಡಿದಳು.

“ಕೆರೀಬೇಡಿ ಅತ್ತೆ, ಇನ್ನೂ ಜಾಸ್ತಿಯಾಗುತ್ತೆ. ಒದ್ದೆ ಬಟ್ಟೆ ಇಡ್ತೀನಿ, ಬನ್ನಿ.”